ಅಮೆರಿಕ: ಹೊರನಾಡುಗಳ ಮೆಚ್ಚುಗೆ ಮತ್ತು ಮುನಿಸು

ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಕುರಿತು ಬೇರೆ ದೇಶಗಳ ಜನ ಕಳೆದ ಎರಡೂವರೆ ಶತಮಾನಗಳಲ್ಲಿ ತಳೆಯುತ್ತ ಬಂದಿರುವ ಅಭಿಮಾನ, ಅಸೂಯೆ, ಭಯ, ಅಸಮಾಧಾನಗಳ ಚರಿತ್ರೆ ಇದು. ಬಲಾಢ್ಯರ ಬಗ್ಗೆ ಉಳಿದವರಿಗೆ ಇಂಥ ಮಿಶ್ರಭಾವ ಇರುವುದು ಹೊಸದಲ್ಲ. ರೋಮನರ ಬಗ್ಗೆ ಗ್ರೀಕರಿಗೂ ಬ್ರಿಟಿಷರ ಬಗ್ಗೆ ಭಾರತೀಯರಿಗೂ ಇದ್ದುದೇ. ಅಮೆರಿಕದ ವಿಷಯದಲ್ಲಿ ಮಾತ್ರ ಒಂದು ವಿಶೇಷವಿದೆ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಎಂದು 1776ರಲ್ಲಿ ಸಾರಿಕೊಂಡು ಹುಟ್ಟಿದ ದೇಶ ಅದು. ಆ ಮಾತನ್ನು ನಂಬಿದವರು ಅಮೆರಿಕದ ಹೊರಗೆ ಕೋಟ್ಯಂತರ ಮಂದಿ. ಅವರ ಮುನಿಸಿನಲ್ಲಿ ಪರಕೀಯರ ಮೇಲಿನ ಹಗೆಗಿಂತ, ಮಾತು ಕೊಟ್ಟವರು ಮಾತಿಗೆ ತಪ್ಪಿದರೆಂಬ ನೋವೇ ಹೆಚ್ಚು. ಮೆಚ್ಚುವವರು ಒಂದು ಪಂಗಡ, ಮುನಿಯುವವರು ಇನ್ನೊಂದು ಪಂಗಡ ಎಂದು ಹಂಚಿ ನೋಡುವ ರೂಢಿಯಿದೆ. ಆದರೆ ಒಂದೇ ಊರು, ಒಂದೇ ಮನೆ, ಎಷ್ಟೋ ಸಲ ಒಂದೇ ಮನಸ್ಸು ಎರಡನ್ನೂ ಇಟ್ಟುಕೊಂಡಿರುತ್ತದೆ.

ಪೀಟರ್ ಕಾಟ್ಜೆನ್‌ಸ್ಟೈನ್ ಮತ್ತು ರಾಬರ್ಟ್ ಕೋಹೇನ್ 2007ರಲ್ಲಿ ಸಂಪಾದಿಸಿದ ಗ್ರಂಥ ಈ ವಿಷಯದ ಅಧ್ಯಯನಕ್ಕೆ ಒಂದು ಶಿಸ್ತು ತಂದುಕೊಟ್ಟಿತು. ಅಭಿಪ್ರಾಯ, ಅಪನಂಬಿಕೆ, ಪೂರ್ವಗ್ರಹ ಇವು ಮೂರನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಅವರು ವಾದಿಸಿದರು. ಒಂದು ಯುದ್ಧವನ್ನು ಖಂಡಿಸುವುದು ಅಭಿಪ್ರಾಯ. ಆ ದೇಶ ಏನು ಹೇಳಿದರೂ ಅನುಮಾನಿಸುವುದು ಅಪನಂಬಿಕೆ. ಅದು ಏನು ಮಾಡಿದರೂ ಕೆಟ್ಟದ್ದೇ ಎಂದು ಮೊದಲೇ ತೀರ್ಮಾನಿಸುವುದು ಪೂರ್ವಗ್ರಹ. ಮೂರನೆಯದು ಮಾಡುವ ಸದ್ದಿನಷ್ಟು ಅದು ವ್ಯಾಪಕವಾಗಿಲ್ಲ.

ಮೊದಲ ಅನಿಸಿಕೆಗಳು

ಯುರೋಪಿನ ಮೊದಲ ತಕರಾರು ಎದ್ದದ್ದು ಪ್ರಾಣಿಶಾಸ್ತ್ರದಲ್ಲಿ. ಹೊಸ ಖಂಡದ ಹವೆ ತಂಪು, ನೆಲ ಜೌಗು. ಅಲ್ಲಿ ಪ್ರಾಣಿಗಳು ಕುಗ್ಗಿ ಹುಟ್ಟುತ್ತವೆ ಎಂದು ಫ್ರಾನ್ಸಿನ ನಿಸರ್ಗವಿಜ್ಞಾನಿ ಬಫನ್ ಬರೆದ. ಕಾರ್ನೆಲಿಯಸ್ ದ ಪಾವ್ 1768ರಲ್ಲಿ ಈ ವಾದವನ್ನು ಮನುಷ್ಯರಿಗೂ ಹಚ್ಚಿದ. ಮುಂದೆ ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್‌ಗೆ ಇದು ಸಹಿಸದಾಯಿತು. ಆತ ನ್ಯೂ ಇಂಗ್ಲೆಂಡಿನ ಕಾಡಿನಿಂದ ಮೂಸ್ ಎಂಬ ದೈತ್ಯ ಜಿಂಕೆಯ ಚರ್ಮ, ಮೂಳೆ, ಕೊಂಬುಗಳನ್ನು ಹಡಗಿನಲ್ಲಿ ತರಿಸಿ 1787ರಲ್ಲಿ ಬಫನ್‌ಗೆ ಒಪ್ಪಿಸಿದ. ಅಮೆರಿಕ ಇನ್ನೂ ಬಡ, ದುರ್ಬಲ ದೇಶವಾಗಿದ್ದಾಗಲೇ ಅದನ್ನು ಹಳಿಯುವ ರೂಢಿ ಯುರೋಪಿನ ಪಂಡಿತರಲ್ಲಿತ್ತು ಎಂಬುದಕ್ಕೆ ಇದು ಸಾಕ್ಷಿ. ಎಲ್ಲ ಅಸಮಾಧಾನವೂ ಬಲಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿದ್ದೆಂದು ಹೇಳುವಂತಿಲ್ಲ. 1831ರಲ್ಲಿ ಅಮೆರಿಕದ ಸೆರೆಮನೆಗಳನ್ನು ನೋಡಲು ಹೋದ ಫ್ರಾನ್ಸಿನ ಅಲೆಕ್ಸಿ ದ ತೋಕ್ವಿಲ್ ಬಹಳ ಎತ್ತರದ ವಿಮರ್ಶಕ. ಜನ ತಾವಾಗಿ ಸಂಘ ಕಟ್ಟಿಕೊಂಡು ಊರ ಕೆಲಸ ಮಾಡಿಕೊಳ್ಳುವುದನ್ನು ಆತ ಮನಸಾರೆ ಮೆಚ್ಚಿದ. ಬಹುಮತದ ಅಭಿಪ್ರಾಯವೇ ದಬ್ಬಾಳಿಕೆಯಾಗುವ ಅಪಾಯವನ್ನೂ ಅಷ್ಟೇ ಸ್ಪಷ್ಟವಾಗಿ ಕಂಡ.

ಲ್ಯಾಟಿನ್ ಅಮೆರಿಕದ ಕಥೆ ಬೇರೆ. ಅಲ್ಲಿ ಬಲ ನೆರೆಮನೆಯಲ್ಲೇ ಇತ್ತು. ಯುರೋಪಿನ ರಾಜ್ಯಗಳು ಈ ಖಂಡದಲ್ಲಿ ಕೈಯಾಡಿಸಕೂಡದೆಂಬ 1823ರ ಮನ್ರೋ ನೀತಿಯನ್ನು ಅಲ್ಲಿನ ಕೆಲವರು ರಕ್ಷಣೆಯೆಂದೇ ಸ್ವಾಗತಿಸಿದ್ದರು. 1848ರ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ನೆಲದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಕ್ಯೂಬಾದ ಕವಿ ಹೋಸೆ ಮಾರ್ತಿ 1880ರಿಂದ 1895ರವರೆಗಿನ ಬಹುಕಾಲವನ್ನು ನ್ಯೂಯಾರ್ಕಿನಲ್ಲಿ ಕಳೆದವನು. ಎಮರ್ಸನ್, ವಿಟ್ಮನ್‌ರನ್ನು, ಬ್ರೂಕ್ಲಿನ್ ಸೇತುವೆಯನ್ನು ಸ್ಪ್ಯಾನಿಷ್ ಓದುಗರಿಗೆ ಪ್ರೀತಿಯಿಂದ ಪರಿಚಯಿಸಿದವನು. 1895ರ ಮೇ 18ರಂದು, ತಾನು ಸ್ಪೇನ್ ವಿರುದ್ಧದ ಯುದ್ಧದಲ್ಲಿ ಮಡಿಯುವ ಹಿಂದಿನ ದಿನ, ಆತ ಗೆಳೆಯನಿಗೆ ಬರೆಯತೊಡಗಿದ ಕಾಗದ ಅಪೂರ್ಣವಾಗಿ ಉಳಿಯಿತು. ಅಮೆರಿಕ ಆಂಟಿಲೀಸ್ ದ್ವೀಪಗಳ ಮೇಲೆ ಹರಡಿಕೊಳ್ಳದಂತೆ ತಡೆಯುವುದೇ ತನ್ನೆಲ್ಲ ಕೆಲಸದ ಗುರಿ ಎಂದು ಅದರಲ್ಲಿದೆ. ಮೂರು ವರ್ಷದಲ್ಲಿ ಕ್ಯೂಬಾದಿಂದ ಸ್ಪೇನ್ ಹೊರಬಿತ್ತು, ಅಮೆರಿಕ ಒಳಬಂತು. 1901ರ ಪ್ಲಾಟ್ ತಿದ್ದುಪಡಿ ಕ್ಯೂಬಾದ ವ್ಯವಹಾರದಲ್ಲಿ ಮಧ್ಯೆ ಬರುವ ಹಕ್ಕನ್ನು ಅಮೆರಿಕಕ್ಕೆ ಬರೆದುಕೊಟ್ಟಿತು. ಮುಂದೆ 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್‌ರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಉರುಳಿಸಿತು. ಯುನೈಟೆಡ್ ಫ್ರೂಟ್ ಎಂಬ ಬಾಳೆಹಣ್ಣಿನ ಕಂಪನಿಯ ಪಾಳುಭೂಮಿಯನ್ನು ಅವರು ರೈತರಿಗೆ ಹಂಚಲು ಹೊರಟಿದ್ದರು.

ಇರಾನ್

ಪ್ರೀತಿ ಹಗೆಯಾಗುವ ಬಗೆಯನ್ನು ಇರಾನಿನಷ್ಟು ಸ್ಪಷ್ಟವಾಗಿ ತೋರಿಸುವ ದೇಶ ಇನ್ನೊಂದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇರಾನಿಯರು ಅಂಜುತ್ತಿದ್ದುದು ಬ್ರಿಟನ್ನಿಗೆ ಮತ್ತು ರಷ್ಯಾಕ್ಕೆ. ದೂರದ ಅಮೆರಿಕ ಅವರಿಗೆ ಆಸೆಯಿಲ್ಲದ ಗೆಳೆಯನಂತೆ ಕಂಡಿತ್ತು. ತಬ್ರೀಜ್ ನಗರದ ಮಿಷನ್ ಶಾಲೆಯಲ್ಲಿ ಹಾವರ್ಡ್ ಬಾಸ್ಕರ್‌ವಿಲ್ ಎಂಬ ಇಪ್ಪತ್ನಾಲ್ಕು ವರ್ಷದ ಅಮೆರಿಕನ್ ಮೇಷ್ಟರಿದ್ದ. ಸಂವಿಧಾನಕ್ಕಾಗಿ ನಡೆದ ಹೋರಾಟದಲ್ಲಿ ದೊರೆ ಷಾನ ಸೈನ್ಯ ಊರನ್ನು ಮುತ್ತಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಆತ ಕೆಲಸ ಬಿಟ್ಟು ತನ್ನ ವಿದ್ಯಾರ್ಥಿಗಳ ಜೊತೆ ಬಂದೂಕು ಹಿಡಿದ. 1909ರ ಏಪ್ರಿಲ್‌ನಲ್ಲಿ ಗುಂಡೇಟಿಗೆ ಬಲಿಯಾದ. ಅವನ ಶವಯಾತ್ರೆಗೆ ಸಾವಿರಾರು ಜನ ಸೇರಿದರು. ಸಮಾಧಿ ಇಂದಿಗೂ ತಬ್ರೀಜಿನಲ್ಲಿದೆ. 1911ರಲ್ಲಿ ಇರಾನಿನ ಸಂಸತ್ತು ದೇಶದ ಖಜಾನೆಯನ್ನು ಮಾರ್ಗನ್ ಶುಸ್ಟರ್ ಎಂಬ ಅಮೆರಿಕನ್ನನ ಕೈಗೇ ಒಪ್ಪಿಸಿತು. ರಷ್ಯಾ ಬೆದರಿಕೆ ಹಾಕಿ ಅವನನ್ನು ಹೊರಹಾಕಿಸಿತು.

ಈ ವಿಶ್ವಾಸವೇ 1953ರ ಆಗಸ್ಟ್ 19ರ ಏಟನ್ನು ಅಷ್ಟು ಆಳವಾಗಿಸಿತು. ಬ್ರಿಟಿಷರ ಒಡೆತನದ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದ್ದ ಪ್ರಧಾನಿ ಮೊಹಮ್ಮದ್ ಮೊಸಾದ್ದೆಘ್‌ರನ್ನು ಸಿಐಎ ಮತ್ತು ಬ್ರಿಟಿಷ್ ಗುಪ್ತಚರ ಸಂಸ್ಥೆ ಕೂಡಿ ಕೆಳಗಿಳಿಸಿದವು. ದೇಶ ತೊರೆದಿದ್ದ ಆಗಿನ ಷಾ ಮರಳಿದ. ಅವನ ಗುಪ್ತ ಪೊಲೀಸ್ ಪಡೆ ಸಾವಾಕ್ 1957ರಲ್ಲಿ ಅಮೆರಿಕದ ನೆರವಿನಿಂದ ಹುಟ್ಟಿತು. ತಮ್ಮ ನೆಲದಲ್ಲಿ ತಪ್ಪು ಮಾಡಿದ ಅಮೆರಿಕನ್ ಸೈನಿಕ ಸಿಬ್ಬಂದಿಯನ್ನು ತಮ್ಮ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂಬ 1964ರ ಕಾಯಿದೆ ಇರಾನಿಯರನ್ನು ತೈಲಕ್ಕಿಂತ ಹೆಚ್ಚು ಕೆರಳಿಸಿತು. ಅದರ ವಿರುದ್ಧ ಗುಡುಗಿದ ಧರ್ಮಗುರು ಖೊಮೇನಿ ಗಡೀಪಾರಾದರು. ದುಡ್ಡಿನ ನಷ್ಟವನ್ನು ಜನ ಮರೆಯಬಹುದು, ಸ್ವಂತ ನೆಲದಲ್ಲಿ ಎರಡನೆಯ ದರ್ಜೆಯವರಾದ ಅವಮಾನವನ್ನು ಮರೆಯುವುದಿಲ್ಲ. ಷಾನನ್ನು ಉರುಳಿಸಿದ ಕ್ರಾಂತಿಯಾದ ಮೇಲೆ 1979ರ ಅಕ್ಟೋಬರ್‌ನಲ್ಲಿ ಅಮೆರಿಕ ಷಾನನ್ನು ಚಿಕಿತ್ಸೆಗೆಂದು ಬರಮಾಡಿಕೊಂಡಾಗ ತೆಹರಾನಿನ ವಿದ್ಯಾರ್ಥಿಗಳಿಗೆ ಕಂಡದ್ದು ರೋಗಿಯಲ್ಲ, 1953ರ ಮರುಕಳಿಕೆ. ನವೆಂಬರ್ 4ರಂದು ಅವರು ರಾಯಭಾರ ಕಚೇರಿಗೆ ನುಗ್ಗಿದರು. ಒಳಗೆ ಯಂತ್ರದಲ್ಲಿ ಹರಿದು ಹಾಕಿದ್ದ ಕಾಗದಗಳ ಎಳೆಗಳನ್ನು ಒಂದೊಂದಾಗಿ ಜೋಡಿಸಿ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಸೆರೆಸಿಕ್ಕ ಸಿಬ್ಬಂದಿಯಲ್ಲಿ 52 ಮಂದಿ 444 ದಿನ ಒತ್ತೆಯಾಳುಗಳಾಗಿ ನರಳಿದರು. ಅದು ಅನ್ಯಾಯವೇ, ಅಮೆರಿಕನ್ನರ ಮನಸ್ಸಿನಲ್ಲಿ ಇರಾನ್ ಎಂದರೆ ಇಂದಿಗೂ ಆ ಕಣ್ಣುಪಟ್ಟಿ ಕಟ್ಟಿದ ಮುಖಗಳೇ. ಎರಡೂ ದೇಶಗಳು ತಮಗಾದ ಗಾಯದಿಂದಲೇ ಚರಿತ್ರೆಯ ಎಣಿಕೆ ಶುರುಮಾಡುತ್ತವೆ. ಆದರೂ 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ತೆಹರಾನಿನ ಬೀದಿಯಲ್ಲಿ ಮೇಣದಬತ್ತಿ ಹಿಡಿದು ಸತ್ತ ಅಮೆರಿಕನ್ನರಿಗಾಗಿ ನಿಂತ ಯುವಜನರಿದ್ದರು.

ಒಂದೇ ಬಾಂಬು, ಎರಡು ನೆನಪು

ಇರಾನಿಗೆ ವ್ಯತಿರಿಕ್ತವಾಗಿ ನಿಲ್ಲುವುದು ವಿಯೆಟ್ನಾಂ. 1945ರ ಸೆಪ್ಟೆಂಬರ್ 2ರಂದು ಹನೊಯಿಯಲ್ಲಿ ಸ್ವಾತಂತ್ರ್ಯ ಸಾರಿದ ಹೋ ಚಿ ಮಿನ್ ತಮ್ಮ ಭಾಷಣವನ್ನು ಅಮೆರಿಕದ 1776ರ ಘೋಷಣೆಯ ಮಾತಿನಿಂದಲೇ ಆರಂಭಿಸಿದ್ದರು. ಆಮೇಲೆ ನಡೆದದ್ದು ಲೋಕಕ್ಕೆ ಗೊತ್ತು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಮೇಲೆ ಬಿದ್ದ ಬಾಂಬುಗಳ ತೂಕ 70 ಲಕ್ಷ ಟನ್ನಿಗೂ ಮಿಕ್ಕಿದ್ದು. ಇಷ್ಟಾಗಿಯೂ 2017ರ ಪ್ಯೂ ಸಮೀಕ್ಷೆಯಲ್ಲಿ ವಿಯೆಟ್ನಾಮಿನ ಶೇ. 84ರಷ್ಟು ಜನ ಅಮೆರಿಕದ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ ಎಂದರು. ಯುದ್ಧದಲ್ಲಿ ಗೆದ್ದವರು ತಾವೇ ಎಂಬುದು ಒಂದು ಕಾರಣ. ಗೆದ್ದವರಿಗೆ ಕ್ಷಮಿಸುವುದು ಸುಲಭ. 1979ರಲ್ಲಿ ಗಡಿ ದಾಟಿ ಬಂದ ಚೀನಾದ ಭಯ ಇನ್ನೊಂದು. 1995ರಲ್ಲಿ ರಾಜತಾಂತ್ರಿಕ ಸಂಬಂಧ ಕೂಡಿದ ಮೇಲೆ ಬೆಳೆದ ವ್ಯಾಪಾರ, ಯುದ್ಧವನ್ನು ಕಾಣದ ತಲೆಮಾರು, ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಇವೆಲ್ಲ ಜೊತೆಗೂಡಿದವು.

1999ರಲ್ಲಿ ನ್ಯಾಟೊ ವಿಮಾನಗಳು ಸರ್ಬಿಯಾದ ಮೇಲೆ 78 ದಿನ ಬಾಂಬು ಹಾಕಿದವು. ಕೊಸೊವೊದ ಅಲ್ಬೇನಿಯನ್ನರಿಗೆ ಅದು ಪ್ರಾಣದಾನ. ರಾಜಧಾನಿ ಪ್ರಿಸ್ಟಿನಾದ ಒಂದು ಹೆದ್ದಾರಿಗೆ ಬಿಲ್ ಕ್ಲಿಂಟನ್ ಹೆಸರಿದೆ. 2009ರ ನವೆಂಬರ್ 1ರಂದು ಅಲ್ಲಿ ಕ್ಲಿಂಟನ್ನರ ಪ್ರತಿಮೆಯ ಅನಾವರಣವಾದಾಗ ಸ್ವತಃ ಅವರೇ ಬಂದಿದ್ದರು. ಬೆಲ್‌ಗ್ರೇಡಿನ ನಡುಬೀದಿಯಲ್ಲಿ ಅದೇ ದಾಳಿಗೆ ಸೀಳಿಹೋದ ಸೇನಾ ಪ್ರಧಾನ ಕಚೇರಿಯ ಕಟ್ಟಡ ಎಷ್ಟೋ ವರ್ಷ ಹಾಗೇ ನಿಂತಿತ್ತು. 1999ರ ಮೇ 7ರಂದು ಬೆಲ್‌ಗ್ರೇಡಿನ ಚೀನೀ ರಾಯಭಾರ ಕಚೇರಿಗೆ ಬಾಂಬು ಬಿದ್ದು ಮೂವರು ಚೀನೀ ಪತ್ರಕರ್ತರು ಸತ್ತರು, ಬೀಜಿಂಗ್ ಬೀದಿಗಿಳಿಯಿತು. ಹಳೆಯ ನಕಾಶೆಯಿಂದಾದ ಪ್ರಮಾದವೆಂಬ ಸಮಜಾಯಿಷಿಯನ್ನು ಅಲ್ಲಿ ನಂಬಿದವರು ಕಡಿಮೆ.

ಸೈನಿಕ ನೆಲೆಗಳು ಕೊಡುವ ಅನುಭವವೂ ಹೀಗೆ ಒಡೆದದ್ದು. 1948ರ ಜೂನ್‌ನಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿನ ದಾರಿ ಮುಚ್ಚಿದಾಗ ಅಮೆರಿಕ, ಬ್ರಿಟನ್‌ಗಳ ವಿಮಾನಗಳು ಕಲ್ಲಿದ್ದಲು, ಹಿಟ್ಟು ಹೊತ್ತು ತಂದು ಊರನ್ನು ಉಳಿಸಿದವು. ಗೇಲ್ ಹಾಲ್ವರ್ಸನ್ ಎಂಬ ಪೈಲಟ್ ಕರವಸ್ತ್ರಗಳನ್ನೇ ಪ್ಯಾರಾಚೂಟ್ ಮಾಡಿ ಮಕ್ಕಳಿಗೆ ಚಾಕೊಲೇಟ್ ಉದುರಿಸಿದ. ಮೂರು ವರ್ಷದ ಹಿಂದೆ ಅದೇ ಊರಿಗೆ ಬಾಂಬು ಸುರಿದ ದೇಶದ ವಿಮಾನಗಳವು. ಜಪಾನಿನ ಓಕಿನಾವಾದಲ್ಲಿ ಇದಕ್ಕೆ ಸಮನಾದ ನೆನಪಿಲ್ಲ. ದೇಶದ ನೆಲದಲ್ಲಿ ಶೇ. 0.6ರಷ್ಟೇ ಇರುವ ಆ ದ್ವೀಪಗಳು ಅಮೆರಿಕನ್ ಸೇನೆಗೆ ಮೀಸಲಾದ ಜಾಗದ ಸುಮಾರು ಶೇ. 70ನ್ನು ಹೊತ್ತಿವೆ. 1995ರಲ್ಲಿ ಮೂವರು ಅಮೆರಿಕನ್ ಸೈನಿಕರು ಹನ್ನೆರಡು ವರ್ಷದ ಶಾಲಾಬಾಲಕಿಯ ಮೇಲೆ ಅತ್ಯಾಚಾರ ಎಸಗಿದಾಗ ದ್ವೀಪ ಕಂಡರಿಯದಷ್ಟು ಜನ ಪ್ರತಿಭಟಿಸಿದರು. ಟೋಕಿಯೊದವರಿಗೆ ಅಮೆರಿಕ ಎಂದರೆ ಭದ್ರತೆ. ಅದರ ಬೆಲೆ ತೆರುವವರು ಓಕಿನಾವಾದವರು.

ಭಾರತ ಮತ್ತು ಅಮೆರಿಕದ ಗೋಧಿ

ಅಮೆರಿಕದ ಪಬ್ಲಿಕ್ ಲಾ 480 ಎಂಬ 1954ರ ಕಾಯಿದೆ ಅಲ್ಲಿನ ಹೆಚ್ಚುವರಿ ಧಾನ್ಯವನ್ನು ಬಡದೇಶಗಳಿಗೆ ಸುಲಭ ಕರಾರಿನಲ್ಲಿ ಕೊಡಲು ದಾರಿ ಮಾಡಿತು. 1956ರ ಒಪ್ಪಂದದ ಬಳಿಕ ಭಾರತ ಆ ಗೋಧಿಗೆ ರೂಪಾಯಿಯಲ್ಲೇ ಹಣ ಕೊಟ್ಟಿತು. 1960–70ರ ದಶಕಗಳಲ್ಲಿ ಕರ್ನಾಟಕದ ಹಳ್ಳಿಶಾಲೆಗಳಲ್ಲಿ ಓದಿದವರಿಗೆ ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ಉಪ್ಪಿಟ್ಟು ಮತ್ತು ಹಾಲಿನ ಪುಡಿಯ ನೆನಪಿದೆ. ಮೂಟೆ, ಡಬ್ಬಗಳ ಮೇಲೆ ಎರಡು ಕೈಗಳು ಕುಲುಕುವ ಚಿತ್ರ. ಅಮೆರಿಕದ ಜನರ ಕೊಡುಗೆ, ಮಾರತಕ್ಕದ್ದಲ್ಲ ಎಂಬ ಒಕ್ಕಣೆ. ಮಧ್ಯಾಹ್ನ ಹೊಟ್ಟೆ ತುಂಬಿದ ಮಗುವಿಗೆ ಆ ಋಣ ನಿಜ. ಆ ತಲೆಮಾರಿನವರ ಬರಹಗಳಲ್ಲಿ ಅದು ಕೃತಜ್ಞತೆಯಿಂದಲೇ ಬರುತ್ತದೆ.

ದೆಹಲಿಯಲ್ಲಿ ಅದೇ ಗೋಧಿ ಬೇರೆ ರುಚಿ ಕೊಟ್ಟಿತು. 1965–66ರ ಬರಗಾಲದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಧಾನ್ಯದ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಸ್ವತಃ ನೋಡಿ ಬಿಡುತ್ತಿದ್ದರು. ಭಾರತ ಕೃಷಿನೀತಿ ಬದಲಿಸಲಿ ಎಂಬುದು ಒಂದು ಉದ್ದೇಶ. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತದ ಟೀಕೆ ಅವರಿಗೆ ಹಿಡಿಸಿರಲಿಲ್ಲ ಎಂಬುದೂ ನಿಜ. 1966ರಲ್ಲಿ ದೇಶ ಸುಮಾರು ಒಂದು ಕೋಟಿ ಟನ್ ಆಹಾರಧಾನ್ಯ ಆಮದು ಮಾಡಿಕೊಂಡಿತು, ಅದರಲ್ಲಿ ದೊಡ್ಡ ಪಾಲು ಅಮೆರಿಕದ್ದು. ಜೀವ ಉಳಿಸಿದ ಅನ್ನವೇ ಅಪಮಾನದ ನೆನಪಾಗಿ ಉಳಿದದ್ದಕ್ಕೆ ಕೊಟ್ಟ ರೀತಿ ಕಾರಣ. ಹಸಿರು ಕ್ರಾಂತಿಗೆ ಭಾರತ ಅಷ್ಟು ಹಟದಿಂದ ಕೈಹಾಕಿದ್ದರ ಹಿಂದೆ ಈ ಕಹಿ ಇದೆ. ಆ ಕ್ರಾಂತಿಯ ಬೀಜತಳಿಗಳ ಹಿಂದಿದ್ದ ನಾರ್ಮನ್ ಬೋರ್ಲಾಗ್ ಕೂಡ ಅಮೆರಿಕನ್ನರೇ. ಅವರನ್ನು ಭಾರತ 2006ರಲ್ಲಿ ಪದ್ಮವಿಭೂಷಣ ಕೊಟ್ಟು ಗೌರವಿಸಿತು. ಮುನಿಸು ಎಲ್ಲೆಲ್ಲಿ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಹೊಲದ ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ ಕಳೆ ಸಾಕ್ಷಿ. ಅದು ಅಮೆರಿಕದ ಗೋಧಿಯೊಂದಿಗೇ ಬಂತೆಂದು ಕರ್ನಾಟಕದ ರೈತರು ದೃಢವಾಗಿ ನಂಬಿದ್ದಾರೆ. ಅದಕ್ಕೂ ಎಷ್ಟೋ ಹಿಂದೆ ಅದು ಭಾರತದಲ್ಲಿ ಇತ್ತೆಂಬುದಕ್ಕೆ ಸಸ್ಯವಿಜ್ಞಾನಿಗಳಲ್ಲಿ ದಾಖಲೆಗಳಿವೆ.

1971 ಈ ಸಂಬಂಧದ ಅತಿ ಕೆಟ್ಟ ವರ್ಷ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ರಿಚರ್ಡ್ ನಿಕ್ಸನ್ ಮತ್ತು ಹೆನ್ರಿ ಕಿಸಿಂಜರ್ ಪಾಕಿಸ್ತಾನದ ಸೇನಾ ಆಡಳಿತದ ಪರ ನಿಂತು, ಡಿಸೆಂಬರ್‌ನಲ್ಲಿ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಅನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ಭಾರತೀಯರು ಇದನ್ನು ಇನ್ನೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ನೆನಪಿಡಬೇಕಾದ ಅಮೆರಿಕನ್ನರು ಇನ್ನೂ ಕೆಲವರಿದ್ದಾರೆ. ಢಾಕಾದ ಅಮೆರಿಕನ್ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ತಮ್ಮ ಸಹೋದ್ಯೋಗಿಗಳ ರುಜು ಹೊತ್ತ ತಂತಿಯಲ್ಲಿ ತಮ್ಮದೇ ಸರ್ಕಾರದ ನೀತಿಯನ್ನು ನೈತಿಕ ದಿವಾಳಿತನವೆಂದು ಖಂಡಿಸಿ, ಅದಕ್ಕಾಗಿ ತಮ್ಮ ಬಡ್ತಿ, ಭವಿಷ್ಯಗಳನ್ನು ಪಣಕ್ಕಿಟ್ಟರು. ಸೆನೆಟರ್ ಎಡ್ವರ್ಡ್ ಕೆನಡಿ ನಿರಾಶ್ರಿತರ ಶಿಬಿರಗಳಿಗೆ ಬಂದು ನೋಡಿದರು. ಆಗಸ್ಟ್ 1ರಂದು ಆ ನಿರಾಶ್ರಿತರಿಗಾಗಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಕಛೇರಿಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿತು. ಅಮೆರಿಕದ ಮೇಲಿನ ಅತ್ಯುತ್ತಮ ಟೀಕೆ ಹೆಚ್ಚಾಗಿ ಅಮೆರಿಕದಿಂದಲೇ ಬಂದಿದೆ. ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡವನ್ನು 1969ರಲ್ಲಿ ಬಯಲಿಗೆಳೆದ ಸೇಮೂರ್ ಹರ್ಶ್ ಅಲ್ಲಿನ ಪತ್ರಕರ್ತ; ಇರಾಕಿನ ಅಬು ಘ್ರೈಬ್ ಸೆರೆಮನೆಯ ಚಿತ್ರಗಳನ್ನು 2004ರಲ್ಲಿ ಜಗತ್ತಿಗೆ ತೋರಿಸಿದ್ದು ಅಲ್ಲಿನದೇ ದೂರದರ್ಶನ ವಾಹಿನಿ. ಹೊರಗಿನವರ ಮೆಚ್ಚುಗೆಗೆ ಈ ಒಳಗಿನ ಧೈರ್ಯದಷ್ಟು ಗಟ್ಟಿಯಾದ ಕಾರಣ ಬೇರೆ ಕಾಣದು.

ಕನ್ನಡನಾಡಿನ ಕಣ್ಣಲ್ಲಿ

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕವನ್ನು ಸುತ್ತಿದರು. 1941ರಲ್ಲಿ ದಕ್ಷಿಣ ರಾಜ್ಯಗಳ ರೈಲೊಂದರಲ್ಲಿ ಅವರು ಬಿಳಿಯರ ಬೋಗಿಯಲ್ಲಿ ಕೂತಿದ್ದಾಗ ಟಿಕೆಟ್ ಕಲೆಕ್ಟರ್ ಎದ್ದುಹೋಗಲು ಹೇಳಿದ. ಅವರು ಏಳಲಿಲ್ಲ. ಆತ ಮತ್ತೆ ಬಂದು ಯಾವ ದೇಶದವರೆಂದು ವಿಚಾರಿಸಿದ. ಭಾರತದ ಗಣ್ಯ ಅತಿಥಿಯೆಂದು ಹೇಳಿಕೊಂಡಿದ್ದರೆ ಪ್ರಸಂಗ ಮುಗಿಯುತ್ತಿತ್ತು. ತಾನು ಬಿಳಿಯಳಲ್ಲದ ಹೆಂಗಸು ಎಂಬುದು ಕಾಣುತ್ತಲೇ ಇದೆ, ಏಳುವ ಉದ್ದೇಶ ತನಗಿಲ್ಲ ಎಂದರು ಕಮಲಾದೇವಿ. ಆತ ಸುಮ್ಮನಾದ. ವಿನಾಯಿತಿ ಬೇಡವೆಂದ ಆ ಘನತೆಯನ್ನು ಎಷ್ಟು ಗೌರವಿಸಿದರೂ ಸಾಲದು. ಅಮೆರಿಕದ ಸಾಮ್ರಾಜ್ಯಶಾಹಿಯನ್ನು ಟೀಕಿಸಿ ಒಂದು ಪುಸ್ತಕ, ಅಲ್ಲಿನ ಜನಜೀವನವನ್ನು ಕುತೂಹಲದಿಂದ ಕಂಡು ಇನ್ನೊಂದು ಪುಸ್ತಕ ಅವರಿಂದ ಬಂದವು. ಮುಂದೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಎಷ್ಟೋ ಮನೆಗಳಿಗೆ ಅಮೆರಿಕವನ್ನು ಆತ್ಮೀಯವಾಗಿ ಪರಿಚಯಿಸಿದ ಪುಸ್ತಕ ಅದು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ನಗರದ ಮುಂದಿನ ದಿಕ್ಕು ಬದಲಾದದ್ದು ಅಲ್ಲಿಂದ. ಅದೇ ಬೆಂಗಳೂರಿನಲ್ಲಿ 1992ರ ಡಿಸೆಂಬರ್ 29ರಂದು ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದ ಹಸಿರು ಶಾಲಿನ ರೈತರು ಅಮೆರಿಕದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. 1996ರ ಜನವರಿ 30ರಂದು ಬ್ರಿಗೇಡ್ ರಸ್ತೆಯ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯನ್ನು ಧ್ವಂಸ ಮಾಡಿದರು. ಆಸ್ತಿ ಒಡೆಯುವುದನ್ನು ಒಪ್ಪದವರೂ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ: ಬಿತ್ತನೆಬೀಜದ ಒಡೆತನ ಯಾರದು? ಅದೇ ಪ್ರಶ್ನೆ ಹೊತ್ತು 1999ರ ಬೇಸಿಗೆಯಲ್ಲಿ ಭಾರತದ ನೂರಾರು ರೈತರು ಯುರೋಪನ್ನು ಸುತ್ತಿದರು. ಅದೇ ವರ್ಷದ ಆಗಸ್ಟ್ 12ರಂದು ದಕ್ಷಿಣ ಫ್ರಾನ್ಸಿನ ಮಿಯೋ ಪಟ್ಟಣದಲ್ಲಿ ರೈತ ನಾಯಕ ಜೋಸೆ ಬೋವೆ ಮತ್ತು ಸಂಗಡಿಗರು ಅರ್ಧ ಕಟ್ಟಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡವನ್ನು ಬಿಚ್ಚಿಹಾಕಿದರು. ಅವರ ಸೀಮೆಯ ರೋಕ್‌ಫೋರ್ ಗಿಣ್ಣಿನ ಮೇಲೆ ಅಮೆರಿಕ ಶೇ. 100 ಸುಂಕ ಹೇರಿತ್ತು. ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ ಒಳಬಿಡದಿದ್ದುದಕ್ಕೆ ಅದು ಪ್ರತೀಕಾರ. ಬೋವೆ ಬಾಲ್ಯದ ಕೆಲವು ವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬೆಳೆದವರು.

ಸಮೀಕ್ಷೆಗಳು, ಏರಿಳಿತ

ಅವರು ನಮ್ಮನ್ನೇಕೆ ದ್ವೇಷಿಸುತ್ತಾರೆ ಎಂದು 2001ರ ದಾಳಿಯ ಬಳಿಕ ಕೇಳಿದ ಜಾರ್ಜ್ ಬುಷ್, ನಮ್ಮ ಸ್ವಾತಂತ್ರ್ಯವನ್ನು ಕಂಡು ಎಂದು ತಾವೇ ಉತ್ತರಿಸಿದರು. ದಾಳಿಕೋರರ ಮಟ್ಟಿಗೆ ಏನೇ ಇರಲಿ, ಜನಸಾಮಾನ್ಯರ ಅಭಿಪ್ರಾಯಕ್ಕೆ ಈ ಉತ್ತರ ಹೊಂದುವುದಿಲ್ಲ. ಜರ್ಮನಿಯಲ್ಲಿ ಅಮೆರಿಕದ ಬಗ್ಗೆ ಒಳ್ಳೆಯ ಅಭಿಪ್ರಾಯ ಹೊಂದಿದ್ದವರು 2000ದ ಹೊತ್ತಿಗೆ ಶೇ. 78, ಇರಾಕ್ ಯುದ್ಧದ ಬಳಿಕ 2007ರಲ್ಲಿ ಶೇ. 30, ಬರಾಕ್ ಒಬಾಮ ಬಂದ 2009ರಲ್ಲಿ ಶೇ. 64, 2020ರಲ್ಲಿ ಶೇ. 26. ಅಮೆರಿಕನ್ನರ ಸ್ವಾತಂತ್ರ್ಯ ಈ ಅವಧಿಯಲ್ಲಿ ಹೀಗೆ ಏರಿಳಿಯಲಿಲ್ಲ. ಬದಲಾದದ್ದು ಸರ್ಕಾರದ ನಡೆ. ಇಂಡೋನೇಷ್ಯಾದಲ್ಲಿ 2003ರಲ್ಲಿ ಶೇ. 15ಕ್ಕೆ ಕುಸಿದಿದ್ದ ಪ್ರಮಾಣ, ಸುನಾಮಿಯ ಹೊತ್ತಿನಲ್ಲಿ ಅಮೆರಿಕದ ನೌಕಾಪಡೆಯ ಹೆಲಿಕಾಪ್ಟರುಗಳು ಅಲ್ಲಿನ ಅಚೆ ಪ್ರಾಂತ್ಯಕ್ಕೆ ಅನ್ನ, ನೀರು ಹೊತ್ತ ಮೇಲೆ 2005ರಲ್ಲಿ ಶೇ. 38ಕ್ಕೆ ಏರಿತು. ಬುಷ್ ಆಡಳಿತವೇ 2003ರಲ್ಲಿ ಆರಂಭಿಸಿದ ಏಡ್ಸ್ ಪರಿಹಾರ ಯೋಜನೆ ಆಫ್ರಿಕಾದಲ್ಲಿ ಲಕ್ಷಾಂತರ ಜನರಿಗೆ ಔಷಧ ಮುಟ್ಟಿಸಿತು. ಇರಾಕಿನಿಂದಾಗಿ ಲೋಕ ಅಮೆರಿಕವನ್ನು ಬೈಯುತ್ತಿದ್ದ ಕಾಲದಲ್ಲೂ ಆಫ್ರಿಕಾದ ಹಲವು ದೇಶಗಳಲ್ಲಿ ಮೆಚ್ಚುಗೆ ಕುಂದಲಿಲ್ಲ.

ಡೊನಾಲ್ಡ್ ಟ್ರಂಪ್ ಅವರ ಎರಡನೆಯ ಅವಧಿಯಲ್ಲಿ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಮುಚ್ಚಿತು. ಆಗಸ್ಟ್‌ನಲ್ಲಿ, ರಷ್ಯಾದ ತೈಲ ಕೊಳ್ಳುತ್ತಿದ್ದುದನ್ನೂ ಕಾರಣವಾಗಿಟ್ಟು, ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಲಾಯಿತು. ಸೆಪ್ಟೆಂಬರ್ 19ರಂದು ನುರಿತ ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶ ಹೊರಟಿತು. ಈ ವೀಸಾ ಪಡೆಯುವವರಲ್ಲಿ ಭಾರತೀಯರೇ ಅತಿ ಹೆಚ್ಚು. ಮಕ್ಕಳನ್ನು ಅಮೆರಿಕದ ಕನಸಿಗಾಗಿಯೇ ಓದಿಸಿದ ಮನೆಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬೀದಿಗೊಂದಿವೆ. ಪ್ರವಾಸದಲ್ಲಿರುವ ವೀಸಾದಾರರು ಒಂದು ದಿನದೊಳಗೆ ಮರಳಬೇಕೆಂದು ಹಲವು ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಸೂಚಿಸಿದವು. ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಶ್ವೇತಭವನದಿಂದ ಮರುದಿನ ಬಂತು.